ಎದುರು ತಟ್ಟೆ

ಊರಿನ ಹೆಸರು ಕೇಳಬೇಡಿ, ಹೇಳೋದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೋಗುತ್ತೀರಿ, ಹೋದರೆ ನಿಮ್ಮನ್ನೂ ಹಿಡಿದು ತೂಗುತ್ತಾರೆ, ಆಮೇಲೆ ಬೈಸಿಕೊಳ್ಳೋನು ನಾನು. ಸುಮ್ಮನೆ ಕೂತು ಕೇಳಿ.

ಆ ಊರಿನ ನಟ್ಟನಡುವೆ ಒಂದು ಕಲ್ಲುಕಟ್ಟೆ, ಕಟ್ಟೆಯ ಮೇಲೆ ಒಂದು ತಕ್ಕಡಿ. ಎರಡಾಳೆತ್ತರದ ತಕ್ಕಡಿ. ಒಂದು ತಟ್ಟೆಯಲ್ಲಿ ಊರ ಕಲ್ಲು. ಇನ್ನೊಂದು ತಟ್ಟೆ ಖಾಲಿ. ಹಲ್ಲು ಬಂದ ಮಗುವಿನಿಂದ ಹಲ್ಲು ಹೋದ ಮುದುಕರ ತನಕ ಎಲ್ಲರೂ ದಿನಾ ಬೆಳಿಗ್ಗೆ ಒಂದು ಸಲ ಆ ಖಾಲಿ ತಟ್ಟೆಯಲ್ಲಿ ಕೂರಬೇಕು. ಮೈತೂಕ ನೋಡುವ ತಕ್ಕಡಿಯಲ್ಲ ಮತ್ತೆ. ನಮ್ಮ ಅಡುಗೆಭಟ್ಟರು ಕೂತರೆ ಕಟ್ಟೆಯೇ ಕುಸಿಯಬೇಕಾಗಿತ್ತು, ಆದರೆ ಅವರ ತಟ್ಟೆ ಹತ್ತಿಯ ಹಾಗೆ ಮೇಲೇಳುತ್ತಿತ್ತು. ತಕ್ಕಡಿ ತೂಗುತ್ತಿದ್ದದ್ದು ಒಳಗಿನ ಭಾರವನ್ನು. ಊರು ಕಟ್ಟಿದ ಹಿರಿಯರು ತಮ್ಮ ಅಳುವನ್ನೆಲ್ಲ ಒಂದೇ ದಿನ ಆ ಕಲ್ಲಿನ ಮೇಲೆ ಅತ್ತು ಮುಗಿಸಿ, ಇನ್ನು ಈ ಊರಲ್ಲಿ ಯಾರೂ ಅಳಕೂಡದು ಅಂತ ಕಟ್ಟಳೆ ಮಾಡಿದರಂತೆ. ಎಂಥಾ ಜಾಣರು ನೋಡಿ! ತಾವು ಹೊಟ್ಟೆ ತುಂಬ ಅತ್ತುಕೊಂಡು, ನಮಗೆ ಕಲ್ಲು ಬಿಟ್ಟು ಹೋದರು.

ಕಟ್ಟಳೆ ಒಂದೇ. ಯಾರು ಕೂತಾಗ ಕಲ್ಲು ನೆಲ ಬಿಡುತ್ತದೋ, ಅವರು ಊರು ಬಿಡಬೇಕು. ಊರಾಚೆ ಮಂಜು. ನಡುಬೇಸಿಗೆಯಲ್ಲೂ ಕರಗದ ಮಂಜು. ಅದರೊಳಗೆ ಹೋದವರು ಯಾರೂ ವಾಪಸು ಬಂದಿಲ್ಲ.

ಹೀಗಾಗಿ ಆ ಊರಿನಲ್ಲಿ ಯಾರಿಗೂ ದುಃಖ ಇರಲಿಲ್ಲ. ಇರಲಿಲ್ಲ ಅಂದರೆ ಇರಲಿಲ್ಲ, ತಿಳೀತಲ್ಲ? ಬೀದಿಯಲ್ಲಿ ಎದುರಾದವರು "ಹಗುರಾನಾ?" ಅನ್ನಬೇಕು. "ಹೂವು!" ಅಂತ ಉತ್ತರ ಕೊಡಬೇಕು. ಗಂಡನನ್ನು ಮಣ್ಣು ಮಾಡಿ ಬರುತ್ತಿದ್ದವಳನ್ನು ನಿಲ್ಲಿಸಿ "ಹಗುರಾನಾ?" "ಹೂವು!" ಹಲ್ಲುನೋವಿಗೆ ದವಡೆ ಹಿಡಿದುಕೊಂಡು ಕೂತವನಿಗೆ "ಹಗುರಾನಾ?" "ಊವು!"

ನಾನು ಯಾರು ಅಂದಿರಾ? ಆ ತಕ್ಕಡಿಯವನೇ ನಾನು. ಕೂತವರನ್ನು ನೋಡುವುದು, ಕಲ್ಲನ್ನು ನೋಡುವುದು, "ಹೂವು" ಅಂತ ಕೂಗುವುದು, ಇಷ್ಟೇ ಕೆಲಸ. ನನ್ನದು ದೊಡ್ಡ ಗಂಟಲು, ಬಾಯಿ ಅದಕ್ಕಿಂತ ದೊಡ್ಡದು. ಕೂತವರಿಗೆಲ್ಲ ಒಂದೊಂದು ತಮಾಷೆ ಹೇಳಿ ನಗಿಸಿ ಇಳಿಸುತ್ತಿದ್ದೆ. ನನ್ನಷ್ಟು ಹಗುರಾದ ಮನುಷ್ಯ ಊರಲ್ಲೇ ಇಲ್ಲ ಅಂತ ಜನ ಹೇಳುತ್ತಿದ್ದರು. ಹೇಳುತ್ತಿದ್ದರು ಅಷ್ಟೇ, ತೂಗಿ ನೋಡಿರಲಿಲ್ಲ. ತಕ್ಕಡಿಯವನನ್ನು ತೂಗುವ ರೂಢಿ ಇರಲಿಲ್ಲ. ಎಲ್ಲರೂ ಕೂತರೆ ಕೂಗೋರು ಯಾರು? ಮೂವತ್ತು ವರ್ಷದಿಂದ ನಾನು ಆ ತಟ್ಟೆಗೆ ಕಾಲಿಟ್ಟಿರಲಿಲ್ಲ. ಆ ಕೆಲಸವನ್ನು ನಾನು ಯಾಕೆ ಕಾಡಿ ಬೇಡಿ ಪಡೆದೆ ಅನ್ನುವುದು ನಿಮಗೇ ಗೊತ್ತಾಗುತ್ತದೆ, ಇರಿ.

ಹೂ ಕಟ್ಟುವವಳು ಅಂತ ಒಬ್ಬಳಿದ್ದಳು. ಬಾಯಲ್ಲಿ ದಾರ ಕಚ್ಚಿಕೊಂಡೇ ಇಡೀ ಊರಿನ ಜೊತೆ ಮಾತಾಡುವ ಹೆಂಗಸು. ಅವಳಿಗೆ ಒಬ್ಬಳು ಮಗಳು, ಹದಿನೈದು ವರ್ಷ. ಆ ಹುಡುಗಿ ಏನು ಕಿತಾಪತಿ ಅಂತೀರಿ! ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದರೆ ಊರಿನ ನಾಯಿಗಳೆಲ್ಲ ಎದ್ದು ನಿಲ್ಲಬೇಕು. ಕಂಡವರ ಗೋಡೆ ಹತ್ತಿ ಮಾವಿನಕಾಯಿ ಕಿತ್ತು, ಉಪ್ಪು ಖಾರ ಹಚ್ಚಿ, ಕುಂಬಾರರ ಹುಡುಗಿಯ ಜೊತೆ ನನ್ನ ಕಟ್ಟೆಯ ಮೇಲೇ ಕೂತು ತಿನ್ನುತ್ತಿದ್ದಳು. ಹುಳಿ ಹತ್ತಿದಾಗ ಒಂದು ಕಣ್ಣು ಮುಚ್ಚಿ ಮುಖ ಕಿವುಚುತ್ತಿದ್ದಳು. "ತಕ್ಕಡಿ ಮಾಮ, ಸಿಪ್ಪೆ ಹಾಕ್ತೀನಿ ಬಾಯಿ ತೆಗೀರಿ" ಅನ್ನುತ್ತಿದ್ದಳು. ನಾನು ತೆಗೆಯುತ್ತಿದ್ದೆ. ಏನು ಮಾಡೋದು, ನಮ್ಮ ಗೆಳೆತನ ಹಾಗಿತ್ತು.

ಒಂದು ಬೆಳಿಗ್ಗೆ ಅವಳು ಕೂತಾಗ ತಟ್ಟೆ ಮೊಣಕಾಲೆತ್ತರಕ್ಕೇ ನಿಂತಿತು. ಮರುದಿನ ಗೇಣೆತ್ತರ. ಯಾಕೆ? ಯಾರಾದರೂ ಬೈದರೇ? ಇಲ್ಲ. ಹೊಡೆದರೇ? ಇಲ್ಲ. ಏನೂ ಆಗಿರಲಿಲ್ಲ, ಅದೇ ಕಷ್ಟ. ಏನಾದರೂ ಆಗಿದ್ದರೆ ಅದಕ್ಕೊಂದು ಹೆಸರಿಟ್ಟು ಹೇಳಿಕೊಳ್ಳಬಹುದಿತ್ತು. ಸುಮ್ಮನೆ ಭಾರ ಬಂದು ಅವಳೊಳಗೆ ಕೂತಿತ್ತು, ಕರೆಯದೆ ಬಂದ ನೆಂಟರ ಹಾಗೆ. ನಾನು "ಹೂವು" ಅಂತ ಕೂಗಿದೆ. ಒಂದು ತಮಾಷೆ ಹೇಳಿದೆ. ಅವಳು ನಗಲಿಲ್ಲ.

ಅಮ್ಮ ಹೆದರಿದಳು. ಹೆದರಿ ಏನು ಮಾಡಿದಳು ಗೊತ್ತೇ? ಆ ಊರಿನವರು ಮಾತ್ರ ಮಾಡುವಂಥ ಕೆಲಸ ಮಾಡಿದಳು. ಮಗಳ ಬಳೆ ತೆಗೆಸಿದಳು, ಭಾರ ಅಂತ. ಓಲೆ ತೆಗೆಸಿದಳು. ಉಗುರು ಕತ್ತರಿಸಿದಳು, ಕಿವಿಯ ಗುಗ್ಗೆ ತೆಗೆಸಿದಳು. ಸೊಂಟದ ತನಕ ಇದ್ದ ಜಡೆಯನ್ನು ಹೆಗಲಿಗೆ ಕತ್ತರಿಸಿದಳು. ಪಕ್ಕದ ಮನೆಯವಳು, "ಜಾಸ್ತಿ ಮಲಗಿಸಬೇಡಿ, ನಿದ್ದೆ ಭಾರ" ಅಂದಳು. ಎದುರು ಮನೆಯವಳು, "ಓದಿಸಬೇಡಿ, ಅಕ್ಷರ ಭಾರ" ಅಂದಳು. ಮೇಷ್ಟ್ರು, "ಇನ್ನೂ ಓದಿಸಿ, ಖಾಲಿ ತಲೆಯಲ್ಲೇ ಭಾರ ತುಂಬೋದು" ಅಂದರು. ಎಲ್ಲರೂ ಹೇಳುವವರೇ. ಹುಡುಗಿಯನ್ನು ಕೇಳಿದವರು ಒಬ್ಬರಾದರೂ ಇದ್ದರೇ? ನಾನೂ ಕೇಳಲಿಲ್ಲ, ಬಿಡಿ.

ಅವಳೇ ಒಂದು ದಿನ ಬಾಯಿಬಿಟ್ಟಿದ್ದಳು. "ಅಮ್ಮ, ನನಗೆ ಒಳಗೆ ಏನೋ..."

"ಶ್! ಪಕ್ಕದ ಮನೆಗೆ ಕೇಳಿಸುತ್ತೆ. ಹೂವು ಅನ್ನು. ಅನ್ನೇ, ಹೂವು ಅನ್ನು." ಅಮ್ಮನ ಕೈಯಲ್ಲಿದ್ದ ದಾರ ಗಂಟು ಬಿದ್ದಿತ್ತು.

"ಹೂವು" ಅಂದಳು ಹುಡುಗಿ. ಮರುದಿನ ತಟ್ಟೆ ನಾಲ್ಕೇ ಬೆರಳು ಎದ್ದಿತು.

ಕಟ್ಟೆಯ ಹಿಂದೆ, ಹಾಳುಬಾವಿಯ ಪಕ್ಕ, ಒಂದು ಹಳದಿ ಛತ್ರಿ. ಛತ್ರಿಯ ಕೆಳಗೆ ಬತ್ತಾಸಿನವನು. ಅವನ ಬುಟ್ಟಿಯ ತುಂಬ ಬೆಳ್ಳಗೆ ಬತ್ತಾಸು, ಬಾಯಿಗೆ ಹಾಕಿದರೆ ಸುಯ್ ಅಂತ ಕರಗುವಂಥದ್ದು. ಒಂದು ತಿಂದರೆ ಸಂಜೆಯ ತನಕ ಒಳಗಿನ ಭಾರವೆಲ್ಲ ಮಾಯ. ಆ ಛತ್ರಿಯ ಕೆಳಗೆ ಯಾರು ನಿಂತರೂ ಊರಿನವರಿಗೆ ಕಾಣಿಸುತ್ತಿರಲಿಲ್ಲ. ಕಣ್ಣಿಲ್ಲ ಅಂತಲ್ಲ. ಕಂಡೆ ಅಂದರೆ, ನೀನು ಅಲ್ಲಿಗೆ ಯಾಕೆ ಹೋಗಿದ್ದೆ ಅನ್ನುವ ಪ್ರಶ್ನೆ ಬರುತ್ತದಲ್ಲ! ಅಡುಗೆಭಟ್ಟರು ಹತ್ತಿಯ ಹಾಗೆ ಏಳುತ್ತಿದ್ದರು ಅಂದೆನಲ್ಲ, ಅವರು ದಿನಕ್ಕೆ ಆರು ತಿನ್ನುತ್ತಿದ್ದರು.

ಒಂದು ಬೆಳಿಗ್ಗೆ, ತೂಕಕ್ಕೆ ಮೊದಲೇ, ಹುಡುಗಿ ಹೋಗಿ ನಿಂತಳು. "ಬಾ ತಾಯಿ, ಬಾ" ಅಂದ ಅವನು. "ಮೊದಲನೆಯದು ನನ್ನ ಲೆಕ್ಕದಲ್ಲಿ ತಿನ್ನು." ತಿಂದಳು. ಅವತ್ತು ನನ್ನ ತಕ್ಕಡಿಯಲ್ಲಿ ಸೊಂಟದೆತ್ತರ ಎದ್ದಳು. ಅಮ್ಮ ಕೈಮುಗಿದಳು, ಜಡೆ ಕತ್ತರಿಸಿದ್ದಕ್ಕೆ ಗುಣ ಕಂಡಿತು ಅಂತ.

ಎರಡನೆಯದಕ್ಕೆ ಹೋದಾಗ ಅವನು ಹೇಳಿದ, "ನಾನು ದುಡ್ಡು ಮುಟ್ಟೋನಲ್ಲ ತಾಯಿ. ನಿನಗೆ ಇಷ್ಟವಾದ್ದು ಒಂದು ಕೊಡು." ಹೆಗಲಿನ ಜೋಳಿಗೆಯ ಬಾಯಿ ತೆರೆದ. ಅವಳು ಬಗ್ಗಿ ಜೋಳಿಗೆಯೊಳಗೆ ಮೆಲ್ಲಗೆ "ಸಿಳ್ಳೆ" ಅಂದಳು. ಅವನು ಗಂಟು ಹಾಕಿದ. ಅವತ್ತಿನಿಂದ ಬೆರಳು ಬಾಯಿಗಿಟ್ಟರೆ ಬರೀ ಗಾಳಿ ಬರುತ್ತಿತ್ತು. ನಾಯಿಗಳು ಎದ್ದು ನಿಲ್ಲಲಿಲ್ಲ.

ಬತ್ತಾಸಿನದ್ದು ಇನ್ನೊಂದು ಗುಟ್ಟು. ಕರಗಿದ ಮೇಲೆ ಪ್ರತಿಯೊಂದೂ ಹೊಟ್ಟೆಯ ತಳದಲ್ಲಿ ಒಂದು ಸಣ್ಣ ಬಿಳಿ ಹರಳು ಬಿಟ್ಟು ಹೋಗುತ್ತದೆ. ಹಾಗಾಗಿ ಇವತ್ತು ಒಂದು ತಿಂದವರಿಗೆ ನಾಳೆ ಎರಡು ಬೇಕು. ಜೋಳಿಗೆಯ ಬಾಯಿ ತೆರೆಯಿತು, ಹುಡುಗಿ ಬಗ್ಗಿದಳು, "ಮಾವಿನಕಾಯಿ" ಅಂದಳು, ಗಂಟು ಬಿತ್ತು. ಜೋಳಿಗೆಯ ಬಾಯಿ ತೆರೆಯಿತು, ಹುಡುಗಿ ಬಗ್ಗಿದಳು, "ಕುಂಬಾರರ ಹುಡುಗಿ" ಅಂದಳು, ಗಂಟು ಬಿತ್ತು. ಕುಂಬಾರರ ಹುಡುಗಿ ಕೂಗಿ ಕೂಗಿ ಕರೆದರೆ ಇವಳು ಗೋಡೆ ನೋಡಿದ ಹಾಗೆ ನೋಡಿ ಮುಂದೆ ಹೋದಳು. ಪಾಪ, ಆ ಮಗು ಕಟ್ಟೆಯ ಮೇಲೆ ಕೂತು ಅತ್ತಿತು. ನಾನು ಗದರಿದೆ, "ಏಯ್, ಅಳಬಾರದು, ತೂಕ ಬರುತ್ತೆ!"

ಹೀಗೆ ಕೊಟ್ಟು ಕೊಟ್ಟು, ತಿಂದು ತಿಂದು, ಒಂದು ದಿನ ಹುಡುಗಿಯ ಕಾಲು ನೆಲ ಬಿಟ್ಟವು.

ಊರಿಗೆ ಊರೇ ಕುಣಿಯಿತು! ಇಷ್ಟು ಹಗುರಾದ ಮಗು ಹುಟ್ಟಿಯೇ ಇರಲಿಲ್ಲವಂತೆ. ಊರ ಯಜಮಾನರು ಬಂದು "ಊರಿನ ಹೂವು" ಅಂತ ಬಿರುದು ಕೊಟ್ಟು ಶಾಲು ಹೊದಿಸಿದರು. ಅವಳು ಮೇಲೆ ತೇಲುತ್ತಿದ್ದದ್ದರಿಂದ ಶಾಲನ್ನು ಕೋಲಿನ ತುದಿಯಲ್ಲಿ ಹೊದಿಸಬೇಕಾಯಿತು. ತಾಯಂದಿರು ಮಕ್ಕಳನ್ನು ಕರೆತಂದು, "ನೋಡಿ ಕಲೀರಿ, ಅಕ್ಕನ್ನ ನೋಡಿ ಕಲೀರಿ" ಅಂತ ತಲೆಯ ಮೇಲೆ ತೂಗಾಡುವ ಪಾದಗಳಿಗೆ ಕೈಮುಗಿಸಿದರು. ಹೂ ಕಟ್ಟುವವಳು ಹೆಮ್ಮೆಯಿಂದ, "ನಮ್ಮ ಹುಡುಗಿ ಈಗ ನೆಲಾನೇ ಮುಟ್ಟೋಲ್ಲ ಕಣ್ರೀ" ಅನ್ನುತ್ತ, ಗಾಳಿಗೆ ಹಾರಿಹೋಗದಿರಲಿ ಅಂತ ಮಗಳ ಕಾಲಿಗೆ ಮಲ್ಲಿಗೆಯ ದಾರ ಕಟ್ಟಿ ಕಿಟಕಿಗೆ ಬಿಗಿದಳು. ಕಣ್ಣಿನಲ್ಲಿ ಏನೂ ಇಲ್ಲದ ಆ ಮುಖವನ್ನು ನಾನು ಒಬ್ಬನೇ ನೋಡಿದೆ. ಯಾಕೆಂದರೆ ಆ ಮುಖ ನನಗೆ ಗುರುತಿತ್ತು.

ಇನ್ನು ಮುಚ್ಚಿಡುವುದು ಬೇಡ. ಆ ಛತ್ರಿಯ ಕೆಳಗೆ ನಡೆದದ್ದೆಲ್ಲ ನನಗೆ ಹೇಗೆ ಗೊತ್ತು ಅಂತ ನೀವು ಆಗಲೇ ಯೋಚಿಸಿರಬೇಕು. ಅವಳ ಹಿಂದೆ ಸಾಲಿನಲ್ಲಿ ನಿಂತಿದ್ದವನು ನಾನೇ. ಆ ಸಾಲಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಅವಳೂ ನೋಡಿರಲಿಲ್ಲ. ಹದಿನೈದನೇ ವಯಸ್ಸಿನಿಂದ ನಿಲ್ಲುತ್ತಿದ್ದೇನೆ. ತಿಂದರೂ ಭಾರ ಇಳಿಯದ ಕಾಲ ಬಂದಾಗ ತಕ್ಕಡಿಯವನ ಕೆಲಸ ಹಿಡಿದೆ, ತೂಗಿಸಿಕೊಳ್ಳುವುದು ತಪ್ಪಿತು ಅಂತ. ತಮಾಷೆ ಹೇಳಿದರೆ ಯಾರೂ ನಮ್ಮನ್ನು ನೋಡುವುದಿಲ್ಲ, ತಮಾಷೆಯನ್ನು ನೋಡುತ್ತಾರೆ. ಆ ಹುಡುಗಿಯ ವಿಷಯ ಬಾಯಿಬಿಟ್ಟರೆ ನನ್ನದೂ ಹೊರಬರುತ್ತಿತ್ತು. ಅದಕ್ಕೇ "ಹೂವು, ಹೂವು" ಅಂತ ಗಂಟಲು ಹರಿದುಕೊಂಡೆ. ನಾಚಿಕೆಗೆಟ್ಟವನು ನಾನು.

ವರ್ಷಕ್ಕೊಮ್ಮೆ ಹೂವಿನ ಹಬ್ಬ. ಅವತ್ತು ನಡುಮಧ್ಯಾಹ್ನ, ಇಡೀ ಊರಿನ ಎದುರು, ಯಜಮಾನರು ಕುರ್ಚಿ ಹಾಕಿಸಿಕೊಂಡು ಕೂತು ಎಲ್ಲರ ತೂಕ ನೋಡುತ್ತಾರೆ. ಮೊದಲು ಕೂರಬೇಕಾದವಳು ಊರಿನ ಹೂವು. ಅವತ್ತು ಬೆಳಿಗ್ಗೆ ಹುಡುಗಿ ಛತ್ರಿಯ ಕೆಳಗೆ ಬಂದಳು. ಹಿಂದಿನ ದಿನದ ಬತ್ತಾಸು ಇಳಿದುಹೋಗಿತ್ತು, ಹರಳೆಲ್ಲ ಹೊಟ್ಟೆಯೊಳಗೆ ಗಲಗಲ ಅನ್ನುತ್ತಿದ್ದವು. ಹೆಜ್ಜೆ ಇಟ್ಟಲ್ಲಿ ಮಣ್ಣು ಕುಸಿಯುತ್ತಿತ್ತು.

ಜೋಳಿಗೆಯ ಬಾಯಿ ತೆರೆಯಿತು. ಹುಡುಗಿ ಬಗ್ಗಿದಳು. ಏನೂ ಹೇಳಲಿಲ್ಲ.

"ಏನಾಯ್ತು ತಾಯಿ?"

"ನನಗೆ ಇಷ್ಟವಾದ್ದು ಏನೂ ಉಳಿದಿಲ್ಲ."

"ಅಯ್ಯೋ, ಹಾಗಂದ್ರೆ ಹೇಗೆ? ಹುಡುಕು, ಒಂದಾದ್ರೂ ಇರುತ್ತೆ." ಅವನು ಪ್ರೀತಿಯಿಂದಲೇ ಹೇಳಿದ, ಅವನ ಮಾತು ಯಾವಾಗಲೂ ಬತ್ತಾಸೇ. "ಅಮ್ಮ ಇದ್ದಾಳಲ್ಲ. ಅಮ್ಮ ಅನ್ನು. ಬುಟ್ಟಿ ಪೂರ್ತಿ ನಿಂದೇ."

ನಾನು ಹಿಂದೆ ನಿಂತು ಕೇಳಿಸಿಕೊಂಡೆ. ಇದೇ ಛತ್ರಿ, ಇದೇ ಮಾತು. ಆ ವಯಸ್ಸಿನಲ್ಲಿ ಅವನು ನನ್ನನ್ನೂ ಕೇಳಿದ್ದ, ನಾನು ಬಗ್ಗಿ "ತಮ್ಮ" ಅಂದಿದ್ದೆ. ನನ್ನ ತಮ್ಮ ಇವತ್ತಿಗೂ ನನ್ನ ಎದುರು ಮನೆಯಲ್ಲೇ ಇದ್ದಾನೆ. ಬೆಳಿಗ್ಗೆ ಎದ್ದು ಅವನನ್ನು ನೋಡಿದರೆ, ಯಾರೋ ಒಬ್ಬರು ಹಲ್ಲುಜ್ಜುತ್ತಿದ್ದಾರೆ ಅನಿಸುತ್ತದೆ ಅಷ್ಟೇ.

ಹುಡುಗಿ ಜೋಳಿಗೆಯ ಮೇಲೆ ಬಗ್ಗಿಯೇ ಇದ್ದಳು. ತುಟಿ ಅಲುಗಿತು. ಆಮೇಲೆ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, "ಅದು ಆಗೋಲ್ಲ" ಅಂದಳು. ಖಾಲಿ ಕೈಯಲ್ಲಿ ಹೊರಟಳು. ಕಟ್ಟೆಯ ಕಡೆಗೆ. ತಟ್ಟೆಯ ಕಡೆಗೆ. ಅಂದರೆ ಮಂಜಿನ ಕಡೆಗೆ.

ನನ್ನ ಸರದಿ ಬಂದಿತ್ತು. ಬತ್ತಾಸಿನವನು "ಏನಣ್ಣ, ಎಂದಿನ ಹಾಗೇನಾ?" ಅಂದ. ನಾನೂ ಖಾಲಿ ಕೈಯಲ್ಲಿ ಓಡಿದೆ. ಅವನು ಹಿಂದಿನಿಂದ ನಕ್ಕ, "ಸಂಜೆಗೆ ಬರ್ತೀಯ ಬಿಡು" ಅಂತ.

ಮಧ್ಯಾಹ್ನ. ಊರೆಲ್ಲ ಸೇರಿತ್ತು. ಹುಡುಗಿ ಹೆಜ್ಜೆ ಇಟ್ಟರೆ ಕಟ್ಟೆಯ ಮೆಟ್ಟಿಲು ಕಿರುಗುಟ್ಟುತ್ತಿತ್ತು, ಡೋಲಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಯಜಮಾನರು "ಹ್ಞೂಂ, ಕೂರಲಿ" ಅಂದರು. ನಾನು "ಒಂದು ನಿಮಿಷ ಬುದ್ಧಿ, ತಟ್ಟೆ ಒರೆಸಿಬಿಡ್ತೀನಿ" ಅಂತ ಹೋಗಿ, ಊರ ಕಲ್ಲಿಗೆ ಹೆಗಲು ಕೊಟ್ಟು ಒಂದೇ ನೂಕು ನೂಕಿದೆ. ಕಲ್ಲು ಧಡ್ ಅಂತ ನೆಲಕ್ಕೆ ಉರುಳಿ ಯಜಮಾನರ ಕುರ್ಚಿಯ ಹತ್ತಿರ ಹೋಗಿ ನಿಂತಿತು. ಯಜಮಾನರು ಕುರ್ಚಿಯ ಮೇಲೆ ಹತ್ತಿ ನಿಂತರು.

ನಾನು ಆ ತಟ್ಟೆಯಲ್ಲಿ ಕೂತೆ. ಕೂತ ಹೊಡೆತಕ್ಕೆ ತಟ್ಟೆ ಚಪ್ಪಡಿಗೆ ಬಡಿದು, ಚಪ್ಪಡಿ ನಡುವೆ ಬಿರುಕು ಬಿಟ್ಟಿತು. ಮೂವತ್ತು ವರ್ಷದ್ದು, ಕಮ್ಮಿಯೇ? ಡೋಲು ನಿಂತುಹೋಯಿತು. ಇಡೀ ಊರು ಬಾಯಿ ತೆರೆದು ನೋಡಿತು.

ಹುಡುಗಿ ನನ್ನನ್ನೇ ನೋಡಿದಳು. "ಮಾಮ, ನೀವೂನಾ?"

"ನಾನೂ ಕಣವ್ವ. ನಿನ್ನಷ್ಟು ಇದ್ದಾಗಿನಿಂದ. ಕೂತ್ಕೋ."

ಅವಳು ಎದುರು ತಟ್ಟೆಯಲ್ಲಿ ಕೂತಳು. ಅಡ್ಡತೊಲೆ ನರಳಿತು. ಮೆಲ್ಲಗೆ, ಬಲು ಮೆಲ್ಲಗೆ, ನನ್ನ ತಟ್ಟೆ ಮೇಲೆದ್ದಿತು, ಅವಳದು ಕೆಳಗಿಳಿಯಿತು, ಎರಡೂ ಒಂದೇ ಮಟ್ಟಕ್ಕೆ ಬಂದು ನಿಂತವು. ಇಬ್ಬರ ಕಾಲೂ ಗಾಳಿಯಲ್ಲಿ. ಆ ತಕ್ಕಡಿ ಸಮ ನಿಂತದ್ದನ್ನು ಆ ಊರು ಅದೇ ಮೊದಲು ನೋಡಿದ್ದು.

"ಇದು ಕಟ್ಟಳೆಗೆ ವಿರುದ್ಧ!" ಯಜಮಾನರು ಕುರ್ಚಿಯ ಮೇಲಿಂದಲೇ ಕಿರುಚಿದರು. "ಇಬ್ಬರೂ ಊರು ಬಿಡಬೇಕು!"

"ಕಟ್ಟಳೆ ಏನು ಬುದ್ಧಿ? ಕಲ್ಲು ನೆಲ ಬಿಟ್ಟರೆ ತಾನೇ?" ಅಂದೆ. "ಕಲ್ಲು ಎಲ್ಲಿದೆ ನೋಡಿಕೊಳ್ಳಿ. ತಮ್ಮ ಪಾದದ ಹತ್ತಿರ, ನೆಲದ ಮೇಲೆ, ಸುಖವಾಗಿದೆ."

ಯಾರೋ ಒಬ್ಬರು ಫಕ್ಕನೆ ನಕ್ಕರು. ಯಜಮಾನರು ಕಲ್ಲನ್ನು ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಕಲ್ಲನ್ನು ನೋಡಿದರು. ಕಟ್ಟಳೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. "ಕೂಗೋರು ಬೇಕು," ಅಂದರು ಕಡೆಗೆ, "ಕೂಗದೆ ತೂಕ ಮುಗಿಯೋದಿಲ್ಲ."

ಕೂಗುವವನು ತಟ್ಟೆಯಲ್ಲಿ ಕೂತಿದ್ದನಲ್ಲ! ಗುಂಪಿನಿಂದ ಹೂ ಕಟ್ಟುವವಳು ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಅರ್ಧ ಕಟ್ಟಿದ ಮಾಲೆ. ನಾನು ಅವಳಿಗೆ ಹೇಳಿದೆ, "ನೋಡಮ್ಮ, ಇವಳು ಹಗುರಾಗಿದ್ದದ್ದು ಬತ್ತಾಸಿನಿಂದ. ನಮ್ಮೆಲ್ಲರ ಹಾಗೆ. ಇವತ್ತು ಅವನು ಬತ್ತಾಸಿಗೆ ನಿನ್ನನ್ನು ಕೇಳಿದ. ಇವಳು ಕೊಡಲಿಲ್ಲ. ಅದಕ್ಕೇ ಇಷ್ಟು ಭಾರ."

ಕೆಳಗಿನಿಂದ ಜನ, "ಹೂವು ಅನ್ನು, ಹೂವು ಅಂದುಬಿಡು" ಅಂತ ಪಿಸುಗುಟ್ಟಿದರು. ಅವಳು "ಹೂ..." ಅಂದಳು. ನಿಂತಳು. ಮಗಳ ಹೆಗಲಿನ ಮೇಲಿನ ಮೋಟು ಜಡೆಯನ್ನು ಮುಟ್ಟಿದಳು.

"ಭಾರ," ಅಂದಳು. ಆಮೇಲೆ ನನಗಿಂತ ದೊಡ್ಡ ಗಂಟಲಲ್ಲಿ ಕೂಗಿದಳು, "ಭಾರ! ನನ್ನ ಮಗಳಿಗೆ ಭಾರವಾಗಿದೆ! ನಾನು ಕೂದಲು ಕತ್ತರಿಸಿಬಿಟ್ಟೆನಲ್ಲೋ!" ಅಲ್ಲೇ ಕೂತು ಅತ್ತಳು. ಮಗಳು ತಟ್ಟೆಯಿಂದ ಬಗ್ಗಿ ಅಮ್ಮನ ತಲೆಯ ಮೇಲೆ ಕೈಯಿಟ್ಟಳು. ಅಡುಗೆಭಟ್ಟರು ಸಾಲಿನಿಂದ ಹೊರಗೆ ಬಂದು, ಮೂಗು ಒರೆಸಿಕೊಳ್ಳುತ್ತ, "ಮುಂದಿನ ಸರದಿ ನಂದು. ನನ್ನ ಎದುರು ಯಾರು ಕೂರ್ತೀರಪ್ಪ?" ಅಂದರು.

ಎಲ್ಲ ಸರಿಹೋಯಿತು ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ, ಈ ಗಂಟಲಿಗೆ ಸುಳ್ಳು ಸಾಕಾಗಿದೆ. ಹಳದಿ ಛತ್ರಿ ಇನ್ನೂ ಅಲ್ಲೇ ಇದೆ. ಬತ್ತಾಸು ಬಿಟ್ಟ ಮೇಲೆ ಹುಡುಗಿ ಎಂಟು ದಿನ ನಡುಗಿದಳು, ಬೆವತಳು, ಅಮ್ಮನಿಗೆ ಬಾಯಿಗೆ ಬಂದ ಹಾಗೆ ಬೈದಳು. ಮದ್ದಿನ ಅಜ್ಜಿ ದಿನಾ ಬಂದು ಕಷಾಯ ಕುಡಿಸಿ, "ಹರಳು ಒಂದೊಂದೇ ಕರಗಬೇಕು, ಅವಸರ ಮಾಡಬೇಡಿ" ಅಂದು ಹೋಗುತ್ತಿದ್ದಳು. ಒಂದು ದಿನ ನಾನೇ ತಪ್ಪಿ ಛತ್ರಿಯ ಕೆಳಗೆ ಹೋಗಿಬಂದೆ. ಮರುದಿನ ತಟ್ಟೆಯಲ್ಲಿ ಕೂತಾಗ ಅವಳಿಗೆ ಗೊತ್ತಾಗಿಹೋಯಿತು. "ಮಾಮ, ತಿಂದ್ರಾ?" ಅಂದಳು. "ತಿಂದೆ" ಅಂದೆ. "ನಾಳೆ ಬನ್ನಿ" ಅಂದಳು. ಹೋದೆ.

ಈಗ ಊರಿನವರು ಇಬ್ಬಿಬ್ಬರಾಗಿ ಬರುತ್ತಾರೆ. ಊರ ಕಲ್ಲಿನ ಮೇಲೆ ಯಾರೋ ಹಪ್ಪಳ ಒಣಗಿಸುತ್ತಾರೆ. ಒಂದು ಬೆಳಿಗ್ಗೆ ನನ್ನ ಎದುರು ಮನೆಯವನು ಬಂದು ಎದುರು ತಟ್ಟೆಯಲ್ಲಿ ಕೂತ. ನನಗಿನ್ನೂ ಅವನ ಗುರುತು ಹತ್ತಿಲ್ಲ. ಆದರೆ ತೊಲೆ ಸಮ ನಿಂತಿತು, ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲದೆ.

ಮೊನ್ನೆ ನಾನೂ ಹುಡುಗಿಯೂ ಕೂತಿದ್ದಾಗ ಕುಂಬಾರರ ಹುಡುಗಿ ಬಂದಳು. ಇವಳು ಈಗಲೂ ಅವಳನ್ನು ಗೋಡೆ ನೋಡಿದ ಹಾಗೇ ನೋಡುತ್ತಾಳೆ. ಆದರೂ ಅವಳು ದಿನಾ ಬರುತ್ತಾಳೆ, ದಿನಾ ಒಂದು ಮಾವಿನಕಾಯಿ ಹೋಳಿಗೆ ಉಪ್ಪು ಖಾರ ಹಚ್ಚಿ ಇವಳ ಕೈಗಿಡುತ್ತಾಳೆ. ಇವಳು ದಿನಾ ಮಣ್ಣು ತಿಂದ ಹಾಗೆ ಅಗಿಯುತ್ತಾಳೆ. ಮೊನ್ನೆಯೂ ಬಾಯಿಗಿಟ್ಟಳು. ಅಗಿದಳು. ಅಗಿಯುವುದನ್ನು ನಿಲ್ಲಿಸಿದಳು. ನಾನು ನೋಡುತ್ತಿದ್ದ ಹಾಗೆಯೇ ಅವಳ ಒಂದು ಕಣ್ಣು ಮೆಲ್ಲಗೆ ಮುಚ್ಚಿತು, ಮುಖ ಕಿವುಚಿತು.

ಕಟ್ಟೆಯ ಕೆಳಗೆ ಹೂ ಕಟ್ಟುತ್ತಿದ್ದ ಅಮ್ಮ ತಲೆಯೆತ್ತಿದಳು. ಬಾಯಿಂದ ದಾರ ಬಿದ್ದುಹೋಯಿತು.

"ಹುಳೀನಾ?" ಅಂದಳು.

"ಹುಳಿ" ಅಂದಳು ಮಗಳು.

ಅಮ್ಮ ಹೂವಿನ ಬುಟ್ಟಿಯನ್ನು ಅಲ್ಲೇ ಬಿಟ್ಟು, ಸೆರಗು ಬಿಗಿದುಕೊಂಡು, "ಹುಳಿಯಂತೆ! ರೀ, ಹುಳಿಯಂತೆ ಕಣ್ರೀ!" ಅಂತ ಮನೆಮನೆಯ ಬಾಗಿಲು ತಟ್ಟುತ್ತ ಬೀದಿಯುದ್ದಕ್ಕೂ ಓಡಿದಳು.